ರಾಗ ಬಿಟ್ಟ ಹಾಡು

ಬನಹಟ್ಟಿಯ ನೇಕಾರರ ಮನೆಯೊಂದರಲ್ಲಿ ಮಗ್ಗ ನಿಂತ ಮೇಲೆ ಹಾಡು ಗುರುತಿಸುವ ಆಟ ಆರಂಭವಾಗುತ್ತದೆ. ಒಬ್ಬರು ಚಿತ್ರಗೀತೆಯ ನಡುವಿನ ಸಾಲೊಂದನ್ನು ರಾಗವಿಲ್ಲದೆ ಓದಬೇಕು. ಉಳಿದವರು ಹಾಡು ಯಾವುದೆಂದು ಹೇಳಬೇಕು. ರಾಗ ಕಳಚಿದರೆ ಎಷ್ಟೋ ಜನಪ್ರಿಯ ಗೀತೆಗಳು ಬಣ್ಣ ಬಿಟ್ಟ ಸೀರೆಗಳೇ ಸರಿ!

ಒಂದು ಸಂಜೆ ಮೊಮ್ಮಗಳು ಸೂರ್ಯೋದಯದ ವರ್ಣನೆಯ ಸಾಲೊಂದನ್ನು ಓದಿದಳು. ಮಗ್ಗದ ಸದ್ದಿನ ನಡುವೆ ಧಾರವಾಡ ಆಕಾಶವಾಣಿ ಕೇಳಿ ಬೆಳೆದ ತಂದೆ, “ಬೆಳ್ಳಿಮೋಡ!” ಎಂದರು. ಅದೇ ಕ್ಷಣ ಅಜ್ಜ, “ಬೇಂದ್ರೆಯವರ ‘ಬೆಳಗು’” ಎಂದರು.

ಇಬ್ಬರದೂ ಸರಿಯೇ. ಧಾರವಾಡದ ಕವಿಯ ಆ ಕವಿತೆ 1967ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರಕ್ಕೆ ಬಂದು, ವಿಜಯಭಾಸ್ಕರರ ಸಂಗೀತವನ್ನೂ ಎಸ್. ಜಾನಕಿಯವರ ಕಂಠವನ್ನೂ ಪಡೆಯಿತು.

ಅಜ್ಜ ಮಾತ್ರ ಒಪ್ಪಲೊಲ್ಲರು. “ಸಿನಿಮಾದ್ದಲ್ಲವಾ ಅದು, ಸಾಲ್ಯಾಗ ನಾವು ಬಾಯಿಪಾಠ ಮಾಡಿದ್ದು.” ಅಂಕ ಯಾರಿಗೆಂದು ತಿಳಿಯದೆ ಮೊಮ್ಮಗಳು ಪೆನ್ಸಿಲ್ ಹಿಡಿದು ಕುಳಿತಳು.