ಮಹಡಿ ಮನೆಗೆ ಬಂದ ಕಾಬೂಲ್ ಹುಡುಗ

ಮಕ್ಕಳು ಓದಲು ಅಮೆರಿಕಕ್ಕೋ ಜರ್ಮನಿಗೋ ಹೋದರೆ ನಮ್ಮ ಬೀದಿಯಲ್ಲಿ ಎಲ್ಲರೂ ವಿಚಾರಿಸ್ತಾರೆ. ಚಳಿ ಹೇಗಿದೆ, ಅನ್ನ ಸಾರು ಸಿಗುತ್ತಾ ಅಂತ. ಆದರೆ ಓದೋಕೆ ಅಂತ ನಮ್ಮೂರಿಗೇ ಬರುವ ಪರದೇಶದ ಮಕ್ಕಳೂ ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಇರಾನ್, ಯೆಮನ್, ಅಫ್ಘಾನಿಸ್ತಾನ, ಆಫ್ರಿಕಾದ ವಿದ್ಯಾರ್ಥಿಗಳು ಎಷ್ಟೋ ವರ್ಷಗಳಿಂದ ಓದುತ್ತಿದ್ದಾರೆ. ಅವರಿಗೆ ನಮ್ಮ ಮೈಸೂರೇ ಫಾರಿನ್!

2019ರಲ್ಲಿ ಎಂ.ಎಸ್ಸಿ. ಓದಲು ಬಂದ ಕಾಬೂಲಿನ ಹುಡುಗನೊಬ್ಬ ಶ್ರೀರಾಂಪುರದ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ. ಅಷ್ಟರಲ್ಲಿ ನಾಲ್ಕು ಮನೆಗಳಲ್ಲಿ ಇಲ್ಲ ಅನ್ನಿಸಿಕೊಂಡಿದ್ದ. ಕೆಲವರಿಗೆ ಮಾಂಸದಡುಗೆಯ ಚಿಂತೆ, ಕೆಲವರಿಗೆ ಪೊಲೀಸರ ಭಯ. ವಿದೇಶಿಯರು ಬಂದ 24 ಗಂಟೆಯೊಳಗೆ ಮನೆ ಮಾಲೀಕರು ಆನ್‌ಲೈನಿನಲ್ಲಿ ಆಗ ‘ಫಾರಂ ಸಿ’ ತುಂಬಬೇಕಿತ್ತು, ನಿಜ. ನಾನೇ ಕೂತು ತುಂಬಿದೆ. ಪಾಸ್‌ಪೋರ್ಟ್, ವೀಸಾ ವಿವರ, ಒಂದು ಫೋಟೋ. ಅಷ್ಟಕ್ಕೆ ಹೆದರುವಂಥದ್ದೇನೂ ಇರಲಿಲ್ಲ.

ಪಾಠವೆಲ್ಲ ಇಂಗ್ಲಿಷಿನಲ್ಲಿ, ಆದ್ದರಿಂದ ಕ್ಲಾಸಿನಲ್ಲಿ ಅವನಿಗೆ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಬೀದಿಯಲ್ಲಿ. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ದಿನಾ “ಏನಪ್ಪಾ, ಊಟ ಆಯ್ತಾ?” ಅಂತಿದ್ದರು. ಅರ್ಥ ತಿಳಿದುಕೊಂಡು ಒಂದು ದಿನ ಪ್ರಾಮಾಣಿಕವಾಗಿ “ಇಲ್ಲ” ಅಂದ. ಅಮ್ಮ ತಟ್ಟೆ ಹಾಕಿಯೇಬಿಟ್ಟರು. ಆಮೇಲೆ ಸಂಕೋಚಕ್ಕೆ ಹಸಿದಿದ್ದರೂ “ಆಯ್ತು ಅಮ್ಮ” ಅನ್ನೋದನ್ನ ಕಲಿತ. ಅವನ ಮೊದಲ ಕನ್ನಡ ವಾಕ್ಯ ಅದೇ.

2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು, ಲಾಕ್‌ಡೌನಿನ ಮೊದಲ ದಿನ. ಬೇವು ಬೆಲ್ಲ, ಹೋಳಿಗೆ ಕೊಡಲು ಮೇಲೆ ಹೋದೆ. ಅವನ ಹೊಸ ವರ್ಷ ನೌರೋಜ್ ಐದು ದಿನ ಮುಂಚೆಯೇ ಆಗಿತ್ತಂತೆ. ಏಳು ಬಗೆಯ ಒಣಹಣ್ಣು, ಬೀಜಗಳನ್ನು ನೀರಿನಲ್ಲಿ ನೆನೆಸಿ ತಿನ್ನುವುದು ಅವರ ಕಡೆ ಪದ್ಧತಿ. “ನಿಮ್ಮಲ್ಲಿ ಮೊದಲು ಕಹಿ ಯಾಕೆ?” ಅಂತ ಕೇಳಿದ. ಎರಡೂ ಬೇಕು ಅದಕ್ಕೆ, ಅಂದೆ.

ಆ ಕಹಿ ಬಂದಿದ್ದು 2021ರ ಆಗಸ್ಟ್ 15ರಂದು. ನಮ್ಮಲ್ಲಿ ಧ್ವಜಾರೋಹಣ, ಅದೇ ದಿನ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಎರಡು ದಿನ ಅಪ್ಪನ ಫೋನ್ ಸಿಗಲಿಲ್ಲ. ಸಿಕ್ಕಾಗ, ಬ್ಯಾಂಕ್ ಮುಚ್ಚಿದೆ, ದುಡ್ಡು ಕಳಿಸೋಕಾಗಲ್ಲ ಅಂದರಂತೆ. ಮನೆ ಖಾಲಿ ಮಾಡ್ತೀನಿ ಅಂತ ಕೆಳಗೆ ಬಂದ. “ಬಾಡಿಗೆ ಆಮೇಲೆ ನೋಡೋಣ, ಮೊದ್ಲು ಊಟ ಮಾಡಪ್ಪ” ಅಂದರು ಅಮ್ಮ. ಅವತ್ತು ಅವನು “ಆಯ್ತು” ಅನ್ನಲಿಲ್ಲ.

ಅಲ್ಲಿಯವರೆಗೆ ಅವನ ಹೊಂದಾಣಿಕೆಗೆ ಒಂದು ಗಡುವಿತ್ತು. ಎರಡು ವರ್ಷ ಅನ್ನ ತಿಂದು, ಸೆಖೆ ತಡೆದು, ಊರಿಗೆ ವಾಪಸ್. ಹಿಂದೆ ಮನೆಯೊಂದಿದೆ ಅನ್ನೋ ಧೈರ್ಯದಲ್ಲೇ ಪರದೇಶ ಸಹ್ಯವಾಗುವುದು. ಅದು ಹೋದ ದಿನ ಬೇಕಾಗುವುದು ಪಕ್ಕದಲ್ಲಿರುವ ಜನ.

ಮುಂದೆ ಜರ್ಮನಿಯಲ್ಲಿರುವ ಅವನ ಅಣ್ಣ ನೆರವಾದ. ಬೇಡವೆಂದರೂ ಕೇಳದೆ ಆರು ತಿಂಗಳ ಬಾಕಿ ತೀರಿಸಿದ. ಈಗ ಬೇರೆ ಊರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾನೆ.

ನಿಮ್ಮ ಮನೆಯ ‘ಟು ಲೆಟ್’ ಬೋರ್ಡ್ ನೋಡಿ ಇಂಥ ಹುಡುಗನೋ ಹುಡುಗಿಯೋ ಬಂದರೆ, ದಾಖಲೆ ಕೇಳಿ, ಕರಾರು ಮಾಡಿಕೊಳ್ಳಿ, ಫಾರಂ ತುಂಬಿ. ದೇಶದ ಹೆಸರು ಕೇಳಿದ್ದೇ ಬಾಗಿಲು ಹಾಕಬೇಡಿ. ದೂರದ ಊರಿನಲ್ಲಿ ನಮ್ಮ ಮಕ್ಕಳೂ ಯಾರದೋ ಬಾಗಿಲು ತಟ್ಟುತ್ತಿರುತ್ತಾರೆ.