ಅಮ್ಮನ ಕಪಾಟಿನ ಹಳದಿ ಕಾರ್ಡು

ಏಪ್ರಿಲ್‌ನಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಗೆ ಅಕ್ಕನ ವಾಟ್ಸಾಪ್ ಬಂತು. "ಮಲಗಿದ್ಯಾ? ಡೇಟಾ ಮ್ಯಾನೇಜ್‌ಮೆಂಟ್ ಪ್ಲಾನ್ ಅಂತ ಎರಡು ಪುಟ ಬರೀಲಿಕ್ಕೆ ಉಂಟು ಮಾರಾಯ. ನಿನ್ನ ಲೈನ್ ಅಲ್ವಾ, ಬರ್ದು ಕೊಡು."

ಅಕ್ಕ ಅಂದರೆ ಕಾರ್ಕಳದ ದೊಡ್ಡಮ್ಮನ ಮಗಳು. ಕರಾವಳಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಕಮ್ಯುನಿಟಿ ಮೆಡಿಸಿನ್ ಡಾಕ್ಟರ್. ನಾನು ಕಾಪುವಿನ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್, ವಾರಕ್ಕೆ ಎರಡು ದಿನ ಮಣಿಪಾಲದ ಆಫೀಸಿಗೆ ಹೋಗಿ ಬರುತ್ತೇನೆ. ಎರಡು ಪುಟ ತಾನೇ, ಒಂದು ಸಂಜೆಯ ಕೆಲಸ ಅಂತ ಒಪ್ಪಿಕೊಂಡೆ. ಅದು ಮುಗಿದದ್ದು ಜೂನ್ ಮಧ್ಯದಲ್ಲಿ.

ಅರ್ಜಿ ಇದ್ದದ್ದು ದಿಲ್ಲಿಯ ಒಂದು ಸಂಸ್ಥೆಗೆ, ಸಂಶೋಧನಾ ಅನುದಾನಕ್ಕೆ. ಕಾಪುವಿನ ಕಡಲ ಬದಿಯ ಮತ್ತು ಕಾರ್ಕಳದ ಒಳನಾಡಿನ ಮಹಿಳೆಯರನ್ನು ಮೂವತ್ತನೇ ವಯಸ್ಸಿನಿಂದ ಹಿಡಿದು ವರ್ಷ ವರ್ಷವೂ ನೋಡುತ್ತಾ ಹೋಗಬೇಕು. ಬಿಪಿ ಯಾವಾಗ ಏರುತ್ತದೆ, ಕಿಡ್ನಿ ಯಾವಾಗ ಸೋಲಲು ಶುರುವಾಗುತ್ತದೆ, ಉಪ್ಪು, ಒಣಮೀನು, ದಿನವಿಡೀ ಕೂತು ಬೀಡಿ ಕಟ್ಟುವುದು, ಬಿಸಿಲಲ್ಲಿ ಮೀನು ಮಾರುವುದು, ಇವುಗಳ ಪಾಲು ಎಷ್ಟು ಅಂತ. ಒಂದೇ ಗುಂಪಿನ ಜನರನ್ನು ಹೀಗೆ ಬಹಳ ಕಾಲ ಹಿಂಬಾಲಿಸುವ ಅಧ್ಯಯನಕ್ಕೆ ಕೊಹಾರ್ಟ್ ಅಂತ ಹೆಸರು.

ನನ್ನ ಮೊದಲ ಪ್ರಶ್ನೆಯೇ ಪೆದ್ದು ಪ್ರಶ್ನೆ. "ಆಸ್ಪತ್ರೆಗೆ ಬರುವವರ ಡೇಟಾ ಉಂಟಲ್ಲ, ಸಾಲದಾ?" ಟೈಗರ್ ಸರ್ಕಲ್ ಹತ್ತಿರ ಚಹಾ ಕುಡಿಯುತ್ತಾ ಅಕ್ಕ ಪಾಠ ಮಾಡಿದಳು. ಆಸ್ಪತ್ರೆಗೆ ಬರುವುದು ಕಾಯಿಲೆ ಆದ ಮೇಲೆ. ಆಗುವ ಮುಂಚೆ ಏನಿತ್ತು ಅಂತ ಗೊತ್ತಾಗಬೇಕಾದರೆ ಆರೋಗ್ಯವಾಗಿರುವವರ ಮನೆಗೇ ಹೋಗಿ ಕಾಯಬೇಕು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಹಾಗೆ ಕಾಯಲು ಶುರು ಮಾಡಿದರು, 5,209 ಜನರನ್ನು ಇಟ್ಟುಕೊಂಡು. ಇವತ್ತು ಡಾಕ್ಟರು ನಮ್ಮ ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಕೇಳಿ ಹೃದಯದ ಅಪಾಯ ಅಂದಾಜು ಮಾಡುವುದಕ್ಕೆ ದೊಡ್ಡ ಬುನಾದಿ ಆ ಊರಿನ ಲೆಕ್ಕ. ಈಗ ಮೊಮ್ಮಕ್ಕಳ ತಲೆಮಾರೂ ಅದರಲ್ಲಿ ಉಂಟು.

ನನಗೆ ಹಿಡಿಸಿದ್ದು ಮೈಸೂರಿನ ಕತೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ದಾಖಲೆಗಳಿದ್ದವು. ಆ ಮಕ್ಕಳು ಬೆಳೆದು ಮಧ್ಯವಯಸ್ಸಿಗೆ ಬಂದ ಮೇಲೆ ಸಂಶೋಧಕರು ಅವರನ್ನು ಹುಡುಕಿಕೊಂಡು ಹೋದರು. 1934ರಿಂದ 1954ರ ನಡುವೆ ಹುಟ್ಟಿದ 517 ಜನ ಸಿಕ್ಕರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ಕಾಯಿಲೆ, 3.1 ಕಿಲೋ ದಾಟಿದವರಲ್ಲಿ ಶೇ. 3 ಮಾತ್ರ. 1996ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮುಂದೆ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಶುರುವಾಗಿ, ಅವರ ಮಕ್ಕಳನ್ನು ದೊಡ್ಡವರಾಗುವವರೆಗೂ ನೋಡಿದರು. ತಕ್ಕಡಿಯಲ್ಲಿ ಕೂಸನ್ನಿಟ್ಟು ತೂಕ ಬರೆದ ಆ ನರ್ಸುಗಳಿಗೆ ಅದು ಅರುವತ್ತು ವರ್ಷದ ನಂತರ ಯಾರಿಗೋ ಬೇಕಾಗುತ್ತದೆ ಅಂತ ಗೊತ್ತಿರಲಿಕ್ಕಿಲ್ಲ. ನಾನು ಬರೆದ ಕೋಡ್ ಐದು ವರ್ಷದ ನಂತರ ತೆರೆದರೆ ನನಗೇ ಅರ್ಥವಾಗುವುದಿಲ್ಲ.

ಸರಿ, ಕೆಲಸಕ್ಕೆ ಕೂತೆ. ಎಂಜಿನಿಯರ್ ಬುದ್ಧಿ, ಮೊದಲು ಬಂದ ಯೋಚನೆ ಸ್ವಂತ ಆ್ಯಪ್ ಕಟ್ಟುವುದು. ಅಕ್ಕ ನಕ್ಕಳು. "ರೆಡ್‌ಕ್ಯಾಪ್ ಅಂತ ಉಂಟು, ಪ್ರಪಂಚ ಪೂರ್ತಿ ಅದನ್ನೇ ಬಳಸ್ತದೆ. ನೀನು ಕಂಪನಿ ಬದಲಾಯಿಸಿದ ಮೇಲೆ ನಿನ್ನ ಆ್ಯಪ್ ಯಾರು ನೋಡುವುದು?" ಉತ್ತರ ಇರಲಿಲ್ಲ. ನಿಜವಾಗಿ ನನ್ನ ತಲೆ ತಿಂದದ್ದು ಬೇರೆ ಸಂಗತಿ. ಒಬ್ಬ ಮನುಷ್ಯರನ್ನು ಮುಂದಿನ ವರ್ಷ ಅವರೇ ಅಂತ ಗುರುತಿಸುವುದು ಹೇಗೆ? ನಮ್ಮ ಕಡೆಯ ಹೆಂಗಸರ ಹೆಸರು ವೋಟರ್ ಐಡಿಯಲ್ಲಿ ಪೂಜಾರ್ತಿ, ಆಧಾರ್‌ನಲ್ಲಿ ಪೂಜಾರಿ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಬರೇ ಇನಿಶಿಯಲ್. ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ನಾಲ್ಕು ಮನೆ. ಕಾಪುವಿಗೇ ಇಂಗ್ಲಿಷಿನಲ್ಲಿ ಎರಡು ಸ್ಪೆಲ್ಲಿಂಗ್. ಸಿಮ್ ಅಂತೂ ಆಫರ್ ಬಂದ ಹಾಗೆ ಬದಲಾಗುತ್ತದೆ. ಮಗನ ಮನೆ ಅಂತ ಆರು ತಿಂಗಳು ಮುಂಬಯಿ, ಮಗಳ ಬಾಣಂತನ ಅಂತ ಆರು ತಿಂಗಳು ದುಬೈ.

ವೇಳಾಪಟ್ಟಿ ಇನ್ನೊಂದು ತಲೆನೋವು. ಕೆಲಸದ ಯೋಜನೆಯನ್ನು ತಿಂಗಳವಾರು ಚಾರ್ಟಿನಲ್ಲಿ ತೋರಿಸಬೇಕು. ಕಾಪುವಿನಲ್ಲಿ ಮೀನು ಮಾರುವ ಹೆಂಗಸರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಮನೆಯಲ್ಲಿ ಸಿಗಬೇಕಾದರೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲವೇ ಒಳ್ಳೆಯದು. ಆದರೆ ಅದೇ ಹೊತ್ತಿಗೆ ಕಾರ್ಕಳದ ಕಡೆ ನೇಜಿ ನೆಡುವ ಗಡಿಬಿಡಿ, ಮೇಲಿಂದ ಮಳೆ. ಮಾರ್ಚ್‌ನಲ್ಲಿ ಇಡೋಣವೆಂದರೆ ನಮ್ಮಲ್ಲಿ ಸುಗ್ಗಿ ಮಾರಿಪೂಜೆ, ಮನೆ ತುಂಬ ನೆಂಟರು. ಬಿಪಿ ಹವಾಮಾನಕ್ಕೆ ತಕ್ಕಂತೆ ಏರಿಳಿಯುವುದರಿಂದ ಒಬ್ಬರನ್ನು ಪ್ರತಿ ವರ್ಷ ಅದೇ ತಿಂಗಳಲ್ಲಿ ನೋಡಬೇಕಂತೆ. ಕೊನೆಗೆ ಕಾಪು ಮಳೆಗಾಲಕ್ಕೆ, ಕಾರ್ಕಳ ಡಿಸೆಂಬರ್‌ಗೆ ಅಂತಾಯಿತು, ಹೋಲಿಕೆ ಅವರವರದೇ ಹಿಂದಿನ ವರ್ಷದ ಜೊತೆ.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಜಗಳ ಆದದ್ದು ಬಜೆಟ್ ಶೀಟಿನಲ್ಲಿ.

ಅಕ್ಕನ ತಂಡ 3,000 ಮಹಿಳೆಯರು ಅಂತ ಬರೆದಿತ್ತು. ಒಟ್ಟು ಮೊತ್ತ ಮಿತಿ ದಾಟಿತು. ಹಿರಿಯರೊಬ್ಬರು ಓದಿ, "ಫಲಿತಾಂಶ ತಿಳಿಸುವ ಮನೆಭೇಟಿ" ಎಂಬ ಸಾಲನ್ನು ತೆಗೆದರೆ ಸರಿಹೋಗುತ್ತದೆ ಅಂದರಂತೆ. ರಕ್ತ ತೆಗೆದ ಮೇಲೆ ಮತ್ತೊಮ್ಮೆ ಮನೆಗೆ ಹೋಗಿ ರಿಪೋರ್ಟು ಕೊಟ್ಟು ವಿವರಿಸುವ ಖರ್ಚು ಅದು. ಅದರ ಬದಲು ಒಂದು ಎಸ್ಸೆಮ್ಮೆಸ್ ಸಾಕು ಅಂತ.

ನಾನು ಬೇಡ ಅಂದೆ. ಅಕ್ಕನಿಗೂ ದಣಿವಾಗಿತ್ತು, "ಇದು ಸಂಶೋಧನೆ ಮಾರಾಯ, ಆಸ್ಪತ್ರೆ ಅಲ್ಲ" ಅಂದಳು. ನಾನು ಫೋನ್ ಇಟ್ಟೆ. ಒಂದು ವಾರ ಮಾತಿಲ್ಲ.

ನನ್ನ ಸಿಟ್ಟಿಗೆ ಕಾರಣ ಅಮ್ಮನ ಕಪಾಟಿನಲ್ಲಿತ್ತು. 2013ರಲ್ಲಿ, ನಾನು ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದಾಗ, ಒಂದು ಸಂಸ್ಥೆಯವರು ಮನೆಗೆ ಬಂದು ಅಮ್ಮನ ಬಿಪಿ ನೋಡಿ, ರಕ್ತ ತೆಗೆದು, ಹಳದಿ ಬಣ್ಣದ ಕಾರ್ಡೊಂದನ್ನು ಕೊಟ್ಟಿದ್ದರು. ಹೆಸರು ಬೇಡ, ಹೊರಗಿನವರು. ಪ್ರತಿ ವರ್ಷ ಬರುತ್ತೇವೆ ಅಂದಿದ್ದರು. ಮರುವರ್ಷ ಬಂದರು. ಆಮೇಲೆ ಬರಲಿಲ್ಲ. ಅಮ್ಮ ಆ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡಿದಳು. "ಎಂತಾದ್ರೂ ಇದ್ರೆ ಅವ್ರು ಹೇಳ್ತಾರೆ" ಅನ್ನುವುದು ಅವಳ ಲೆಕ್ಕ. 2019ರಲ್ಲಿ ಕಾಲು ಊದಿಕೊಂಡಿತು. ಡಾಕ್ಟರು ನೋಡಿದಾಗ ಬಿಪಿ 180/110, ಕಿಡ್ನಿಗೆ ಆಗಲೇ ಪೆಟ್ಟು ಬಿದ್ದಿತ್ತು. ಎಷ್ಟು ವರ್ಷದಿಂದ ಹೀಗಿತ್ತೋ ಯಾರಿಗೂ ಗೊತ್ತಿಲ್ಲ. ಈಗ ಉಪ್ಪಿನಕಾಯಿ ಇಲ್ಲದ ಗಂಜಿ, ದಿನಕ್ಕೆ ಐದು ಮಾತ್ರೆ, ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್.

ಕಾರ್ಡಿನವರನ್ನು ಬೈಯುವುದು ಸುಲಭ. ಆ ವರ್ಷಗಳಲ್ಲಿ ನಾನು ಬೆಂಗಳೂರಿನಲ್ಲಿದ್ದೆ, ದಿನಾ ಫೋನ್ ಮಾಡುತ್ತಿದ್ದೆ, ಊಟ ಆಯ್ತಾ ಅಂತ ಕೇಳುತ್ತಿದ್ದೆ. ಬಿಪಿ ನೋಡಿಸಿದ್ಯಾ ಅಂತ ಒಮ್ಮೆಯೂ ಕೇಳಿರಲಿಲ್ಲ.

ಆ ಭಾನುವಾರ ಅಮ್ಮ ಹಲಸಿನ ಹಪ್ಪಳ ಕೊಟ್ಟು ಬಾ ಅಂತ ನನ್ನನ್ನು ಕಾರ್ಕಳಕ್ಕೆ ಕಳಿಸಿದಳು. ಜಗಳ ಅವಳಿಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. ದೊಡ್ಡಮ್ಮನ ಜಗಲಿಯಲ್ಲಿ ಕೂತು ಅಕ್ಕನಿಗೆ ಕಾರ್ಡು ತೋರಿಸಿದೆ. ಅಮ್ಮನ ಕಾಯಿಲೆ ಅವಳಿಗೆ ಗೊತ್ತಿತ್ತು, ಕಾರ್ಡಿನ ವಿಷಯ ಗೊತ್ತಿರಲಿಲ್ಲ.

ತಿರುಗಿಸಿ ಮುರುಗಿಸಿ ನೋಡಿದಳು. "ಇದ್ರಲ್ಲಿ ನಂಬರ್ ಉಂಟಲ್ಲ, ಫೋನ್ ಮಾಡಿದ್ಯಾ?"

"ಮಾಡಿದ್ದೆ. ಚಾಲ್ತಿಯಲ್ಲಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು. ಪೀಜಿ ಮಾಡುವಾಗ ಅವಳೂ ಇಂಥದ್ದೊಂದು ಪ್ರಾಜೆಕ್ಟಿನಲ್ಲಿ ಓಡಾಡಿದ್ದಳು. ಮೂರು ವರ್ಷದ ದುಡ್ಡು ಮುಗಿಯಿತು, ಮುಂದಿನ ಅರ್ಜಿ ಪಾಸಾಗಲಿಲ್ಲ. ಮನೆ ಮನೆಗೆ ಹೋಗುತ್ತಿದ್ದ ಹುಡುಗಿಯರಿಗೆ ಮರು ತಿಂಗಳಿಂದ ಸಂಬಳ ಇಲ್ಲ, ಒಬ್ಬಳು ಬಟ್ಟೆ ಅಂಗಡಿಗೆ ಸೇರಿದಳು, ಪ್ರಾಜೆಕ್ಟ್ ಫೋನಿಗೆ ರೀಚಾರ್ಜ್ ಮಾಡುವವರೂ ಇಲ್ಲ. "ಇನ್ನು ಬರುವುದಿಲ್ಲ ಅಂತ ಹೇಳ್ಲಿಕ್ಕೆ ಹೋಗುವುದಕ್ಕೂ ದುಡ್ಡು ಬೇಕಲ್ಲ. ಅದನ್ನು ಯಾರೂ ಬಜೆಟ್‌ನಲ್ಲಿ ಹಾಕಿರ್ಲಿಲ್ಲ."

ಇಪ್ಪತ್ತು ವರ್ಷ ನಡೆಯಬೇಕಾದ ಅಧ್ಯಯನಕ್ಕೆ ಹಣ ಬರುವುದು ಮೂರು ವರ್ಷ, ಐದು ವರ್ಷದ ತುಂಡುಗಳಲ್ಲಿ. ಫ್ರಾಮಿಂಗ್‌ಹ್ಯಾಮನ್ನೂ ಸರ್ಕಾರ 1960ರ ದಶಕದ ಕೊನೆಯಲ್ಲಿ ಸಾಕು ಅಂತ ನಿಲ್ಲಿಸಹೊರಟಿತ್ತಂತೆ. ಅದರ ಮಾಜಿ ನಿರ್ದೇಶಕರು ಖಾಸಗಿಯವರಿಂದ ಹಣ ಕೂಡಿಸಿ ಉಳಿಸಿಕೊಂಡರು. ನಮ್ಮಲ್ಲೂ ಕೋಲಾರದ ಶ್ರೀನಿವಾಸಪುರದಲ್ಲಿ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ನೋಡುವ ಅಧ್ಯಯನ ನಡೆಸುತ್ತಿದ್ದಾರೆ, ಗುರಿ 10,000 ಜನ. ಅದರ ಬೆನ್ನಿಗೆ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ ಉಂಟು. ಎಲ್ಲರಿಗೂ ಅಂಥ ಬೆನ್ನು ಸಿಗುವುದಿಲ್ಲ.

ಅಲ್ಲೇ ಲ್ಯಾಪ್‌ಟಾಪ್ ತೆರೆದೆವು. ವರ್ಷಕ್ಕೆ ನೂರರಲ್ಲಿ 10 ಮಂದಿ ಕೈಬಿಟ್ಟು ಹೋದರೆ 3,000 ಜನರಲ್ಲಿ ಐದು ವರ್ಷದ ನಂತರ ಉಳಿಯುವುದು ಸುಮಾರು 1,770. ಬದಲಿಗೆ 2,000 ಜನರನ್ನೇ ತೆಗೆದುಕೊಂಡು, ಕೈಬಿಡುವವರನ್ನು 4ಕ್ಕೆ ಇಳಿಸಿದರೆ ಉಳಿಯುವುದು ಸುಮಾರು 1,630. ಮೊದಲು ಸೇರಿಸಿಕೊಳ್ಳುವ ಖರ್ಚಿನಲ್ಲಿ ಮೂರರಲ್ಲೊಂದು ಪಾಲು ಉಳಿತಾಯ, ಕೊನೆಗೆ ಕೈಯಲ್ಲಿರುವವರ ಸಂಖ್ಯೆ ಹತ್ತಿರ ಹತ್ತಿರ ಅಷ್ಟೇ. ಅಲ್ಲದೆ ಕೈಬಿಟ್ಟು ಹೋಗುವವರು ಲಾಟರಿ ಎತ್ತಿದ ಹಾಗೆ ಹೋಗುವುದಿಲ್ಲ. ಕಾಯಿಲೆ ಬಿದ್ದವರು, ಊರು ಬಿಟ್ಟವರು, ಮನೆಯಲ್ಲಿ ಕಷ್ಟ ಇದ್ದವರು ಮೊದಲು ಹೋಗುತ್ತಾರೆ. ಉಳಿದವರನ್ನು ನೋಡಿ ಎಲ್ಲ ಚೆನ್ನಾಗಿದೆ ಅಂತ ಬರೆದರೆ ಅದು ಸುಳ್ಳು ಲೆಕ್ಕ. ಜನ ಉಳಿಯಬೇಕಾದರೆ ಅವರ ರಿಪೋರ್ಟು ಅವರ ಕೈಗೆ ಸಿಗಬೇಕು. ಮನೆಭೇಟಿಯ ಸಾಲು ಹಾಗೆ ವಾಪಸ್ ಬಂತು, ದಾನ ಅಂತ ಅಲ್ಲ, ಅಧ್ಯಯನದ ವಿಧಾನ ಅಂತ. 4 ಅನ್ನುವುದು ನಮ್ಮ ಆಸೆಯ ಅಂಕಿ, ಅದನ್ನೂ ಹಾಗೆಂದೇ ಬರೆದೆವು. ಅಕ್ಕನ ಸ್ಟಾಟಿಸ್ಟಿಕ್ಸ್ ಸಹೋದ್ಯೋಗಿ ಎರಡು ದಿನ ಕೂತು ಪರಿಶೀಲಿಸಿ, 2,000 ಸಾಕಾಗುತ್ತದೆ ಅಂದರು.

ಇನ್ನೊಂದು ಸಾಲು ಹೊಸದಾಗಿ ಸೇರಿತು, "ಅಂತಿಮ ಭೇಟಿ ಮತ್ತು ಮುಕ್ತಾಯ ಪತ್ರ". ಅನುದಾನ ಮುಗಿಯುವ ಆರು ತಿಂಗಳು ಮುಂಚೆ ಪ್ರತಿ ಮನೆಗೆ ಹೋಗಿ, ನಾವು ಮುಂದೆ ಬರುತ್ತೇವೋ ಇಲ್ಲವೋ, ನಿಮ್ಮ ಐದು ವರ್ಷದ ಅಂಕಿಗಳು ಇವು, ಇವನ್ನು ಪಿಎಚ್‌ಸಿಯಲ್ಲಿ ತೋರಿಸಿ ಅಂತ ಹೇಳಿ ಬರುವ ಖರ್ಚು. ನನ್ನ ಎರಡು ಪುಟದಲ್ಲೂ ಒಂದು ಪ್ಯಾರಾ ಹೆಚ್ಚಾಯಿತು. ಹೆಸರು ವಿಳಾಸ ಒಂದು ಕಡೆ, ರಕ್ತದ ಅಂಕಿ ಇನ್ನೊಂದು ಕಡೆ, ಎರಡನ್ನೂ ಜೋಡಿಸುವ ಕೀಲಿ ಯಾರ ಬಳಿ, ಪ್ರಾಜೆಕ್ಟ್ ಮುಗಿದ ಮೇಲೆ ಆ ಕೀಲಿ ಯಾರ ಜವಾಬ್ದಾರಿ, ವ್ಯಕ್ತಿಯ ಹೆಸರಲ್ಲ, ಯಾವ ಹುದ್ದೆ ಅಂತ.

ಒಪ್ಪಿಗೆ ಪತ್ರದ ಕನ್ನಡ ಕರಡನ್ನು ಅಮ್ಮನಿಗೆ ಓದಿಸಿದೆ. ಎಥಿಕ್ಸ್ ಕಮಿಟಿಗೆ ಹೋಗುವ ಪತ್ರ, "ಭಾಗವಹಿಸುವಿಕೆಯು ಸ್ವಯಂಪ್ರೇರಿತವಾಗಿರುತ್ತದೆ" ಅಂತೆಲ್ಲ ಇತ್ತು. ಅಮ್ಮ ಕನ್ನಡಕ ಹಾಕಿ ಪೂರ್ತಿ ಓದಿದಳು. "ಇದ್ರಲ್ಲಿ ಅವ್ರು ಬರ್ತಾರೆ ಅಂತ ಉಂಟು. ಬಾರದಿದ್ರೆ ನಾನೆಂತ ಮಾಡ್ಬೇಕು ಅಂತ ಇಲ್ಲ" ಅಂದಳು. ಅಕ್ಕನಿಗೆ ಹಾಗೇ ವಾಯ್ಸ್ ನೋಟ್ ಕಳಿಸಿದೆ. ಕರಡಿನಲ್ಲಿ, ಹೊಸ ಕಾರ್ಡಿನ ಹಿಂಬದಿಯಲ್ಲಿ, ದಪ್ಪ ಅಕ್ಷರದಲ್ಲಿ ಮೂರು ಸಾಲು ಬಂತು. ಇದು ಚಿಕಿತ್ಸೆ ಅಲ್ಲ. ನಾವು ಬರಲಿ, ಬಾರದಿರಲಿ, ವರ್ಷಕ್ಕೊಮ್ಮೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿ. ಮೂವತ್ತು ದಾಟಿದ ಎಲ್ಲರಿಗೂ ಅಲ್ಲಿ ನೋಡುತ್ತಾರೆ.

ಕೊನೆಯ ದಿನದ ಗೋಳು ಹೇಳಿ ಮುಗಿಯುವುದಿಲ್ಲ. ಮಳೆಗೆ ಕರೆಂಟ್ ಹೋಗಿತ್ತು, ಪಿಡಿಎಫ್ 5 ಎಂಬಿ ದಾಟಿತ್ತು, ಸಹಿ ಮಾಡಬೇಕಾದವರು ಮದುವೆಗೆ ಹೋಗಿದ್ದರು. ಸಂಜೆ 5ರ ಗಡುವಿಗೆ 4.40ಕ್ಕೆ ಸಬ್‌ಮಿಟ್ ಆಯಿತು, ನನ್ನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ.

ಕಳೆದ ವಾರ ವಿಮರ್ಶಕರ ಪ್ರಶ್ನೆಗಳು ಬಂದಿವೆ. ಹಣ ಬಂದದ್ದಲ್ಲ, ಪ್ರಶ್ನೆ ಬಂದದ್ದು. ಏಳರಲ್ಲಿ ಮೂರನೆಯದು, "ಅಂತಿಮ ಭೇಟಿಯ ಖರ್ಚು ಯಾಕೆ ಅಗತ್ಯವೆಂದು ಸಮರ್ಥಿಸಿ." ಉತ್ತರಕ್ಕೆ ಹದಿನೈದು ದಿನ. ಅಕ್ಕ ಫೋನ್ ಮಾಡಿ, "ಶನಿವಾರ ಕಾರ್ಕಳಕ್ಕೆ ಬಾ, ಚಿಕ್ಕಮ್ಮನನ್ನೂ ಕರ್ಕೊಂಡು ಬಾ" ಅಂದಿದ್ದಾಳೆ. ಅಮ್ಮ ಈಗಲೇ ಹಳದಿ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿನಲ್ಲಿ ಇಟ್ಟಾಗಿದೆ.