ಬೇಲಿಯ ಮಿಡಿತ

ಕುಂಬಳೆ ಸಮೀಪದ ಆ ಮನೆಯಲ್ಲಿ ಒಂದೇ ವಾರದಲ್ಲಿ ಆರು ಕೋಳಿಗಳು ಕೀರಿಯ ಪಾಲಾದವು. ಸಿಟ್ಟಿಗೆದ್ದ ಅಜ್ಜ ಗೂಡಿನ ಸುತ್ತ ತಂತಿ ಎಳೆದು, ಮನೆಯ ಪ್ಲಗ್ಗಿನಿಂದಲೇ ಕರೆಂಟು ಕೊಡಲು ಹೊರಟರು. ಏಳನೆಯ ತರಗತಿಯ ಮೊಮ್ಮಗಳು ಅಡ್ಡ ನಿಂತಳು: “ಅಜ್ಜ, ಬೆಳಗ್ಗೆ ಮೊಟ್ಟೆ ತೆಗೆಯಲು ಹೋಗುವವಳು ನಾನಲ್ಲವೇ?”

ಅಜ್ಜ ಮಾತಿಲ್ಲದೆ ತಂತಿಯನ್ನು ಸುತ್ತಿಟ್ಟರು.

ಮನೆಯ 230 ವೋಲ್ಟಿನ ವಿದ್ಯುತ್ತು ಎಡೆಬಿಡದೆ ಹರಿಯುವಂಥದ್ದು. ಹಿಡಿದ ಕೈಯ ಸ್ನಾಯುಗಳನ್ನು ಬಿಗಿದು, ಬಿಡಿಸಿಕೊಳ್ಳಗೊಡದು. ಬೇಲಿಗೆಂದೇ ತಯಾರಾದ ಎನರ್ಜೈಸರಿನ ವೋಲ್ಟೇಜು ಸಾವಿರಗಳಲ್ಲಿದ್ದರೂ ಅದರ ಮಿಡಿತ ಸೆಕೆಂಡಿಗೆ ಒಂದರಂತೆ, ಕಣ್ಣೆವೆಯಿಕ್ಕುವುದಕ್ಕಿಂತ ಕಿರಿದು. ನಡುವಿನ ಬಿಡುವಿನಲ್ಲಿ ಕೈ ಹಿಂದಕ್ಕೆ ಬರುತ್ತದೆ. ಅಂಕಿಯನ್ನಷ್ಟೇ ನೋಡಿ ಬೆದರುವವರು ಈ ಬಿಡುವನ್ನು ಮರೆಯುತ್ತಾರೆ.

ತಿಂಗಳ ಬಳಿಕ ಬಲೆಯೂ ಬ್ಯಾಟರಿಯ ಎನರ್ಜೈಸರೂ ಬಂದವು. ಅರ್ತಿನ ಸರಳನ್ನು ತೇವದ ನೆಲದಲ್ಲಿ ಆಳವಾಗಿ ಹೂಳಿದರು. ಮಳೆಗಾಲವೆಂದರೆ ಇಲ್ಲಿ ಹುಲ್ಲಿನದೇ ರಾಜ್ಯ. ಹಸಿ ಹುಲ್ಲು ಬಲೆಗೆ ತಾಗಿದರೆ ಮಿಡಿತವೆಲ್ಲ ನೆಲದ ಪಾಲು. ವಾರಕ್ಕೊಮ್ಮೆ ಅದನ್ನು ಸವರುವುದು ಅಜ್ಜನ ಕೆಲಸ. ಗೂಡಿಗೆ ಹೋಗುವ ಮುನ್ನ ಸ್ವಿಚ್ಚು ಆರಿಸುವುದು, ಬಂದೊಡನೆ ಮತ್ತೆ ಹಾಕುವುದು ಮೊಮ್ಮಗಳ ಕೆಲಸ. ಕರೆಂಟಿಲ್ಲದೆ ನಿಂತ ಬಲೆಯಲ್ಲಿ ಕೋಳಿಯೇ ಸಿಲುಕಿಕೊಂಡೀತು.

ಹಲಗೆಯ ಮೇಲೆ ಕನ್ನಡದಲ್ಲಿ, ಅದರ ಕೆಳಗೆ ಮಲಯಾಳದಲ್ಲಿ ಎಚ್ಚರಿಕೆ ಬರೆದವಳೂ ಅವಳೇ. ಕೀರಿಗೆ ಯಾವುದು ಓದಲು ಬರುತ್ತದೋ ಎಂದು ಅಜ್ಜಿ ನಕ್ಕರು.